ಎಡಗಡೆಯ ಗೆರೆ

ನಮ್ಮ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರನ್ನು ಎಲ್ಲರೂ ಬಿಂದು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಪಾಠವಾದರೂ ಸರಿ, ತರಗತಿಗೆ ಬಂದವರೇ ಬೋರ್ಡಿನ ನಡುವೆ ಒಂದು ಚುಕ್ಕೆ ಇಟ್ಟು, ಒಂದು ಗಳಿಗೆ ಅದನ್ನೇ ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದರು. ಆ ಹೆಸರಿಟ್ಟ ಹುಡುಗರ ಮಕ್ಕಳೇ ಈಗ ಕಾಲೇಜು ಮುಗಿಸಿದ್ದಾರೆ. ಹೆಸರು ಮಾತ್ರ ಹಾಗೇ ಉಳಿಯಿತು. ನಾನು ಅವರ ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತವನು, ರಸಾಯನಶಾಸ್ತ್ರದವನು. ಇಲ್ಲಿ ಹೇಳುವುದರಲ್ಲಿ ಕೆಲವನ್ನು ನಾನೇ ಕಂಡಿದ್ದೇನೆ. ಉಳಿದದ್ದನ್ನು ಅವರು ಹೇಳಿದ್ದಾರೆ. ಅವರು ಹೇಳದೆ ಬಿಟ್ಟದ್ದನ್ನು ಅವರ ಹೆಂಡತಿ ಹೇಳಿದ್ದಾರೆ.

ಕುಳ್ಳಗಿನ ಆಳು. ಬಲತೋಳಿನಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ. ಸಮ್ಮಿಶ್ರ ಸಂಖ್ಯೆಗಳ ಪಾಠ ಬಂತೆಂದರೆ ಮಕ್ಕಳನ್ನೆಲ್ಲ ಮೈದಾನಕ್ಕೆ ಹೊರಡಿಸುತ್ತಿದ್ದರು. ಹತ್ತು ಹೆಜ್ಜೆಯ ಅಂತರದಲ್ಲಿ ಎರಡು ಗೂಟ ನೆಡಿಸಿ, "ಎರಡೂ ಗೂಟದಿಂದ ಒಂದೇ ದೂರ ಇರೋ ಹಾಗೆ ನಿಂತ್ಕೊಳ್ಳಿ" ಎನ್ನುವರು. ಹುಡುಗ ಹುಡುಗಿಯರು ತಳ್ಳಾಡಿಕೊಂಡು, ಹೆಜ್ಜೆ ಅಳೆದು, ಕೊನೆಗೆ ನೋಡಿದರೆ ಎಲ್ಲರೂ ಒಂದು ನೆಟ್ಟಗಿನ ಸಾಲಿನಲ್ಲಿ ನಿಂತಿರುತ್ತಿದ್ದರು. ಒಂದೇ ಗೂಟದಿಂದ ಎಂಟು ಹೆಜ್ಜೆ ಎಂದರೆ ವೃತ್ತ. ಒಂದು ಗೂಟಕ್ಕಿಂತ ಇನ್ನೊಂದು ಗೂಟ ನಾಲ್ಕು ಹೆಜ್ಜೆ ಹೆಚ್ಚು ದೂರ ಇರಬೇಕು ಎಂದರೆ ಬಾಗಿದ ಒಂದು ಗೆರೆ. "ಪುಸ್ತಕದಲ್ಲಿ ಎರಡು ಕಡ್ಡಿ ಗೆರೆಯ ನಡುವೆ z ಕೂತಿದೆ ಅಂತ ಹೆದರಬೇಡಿ. ಮಾಡ್ಯುಲಸ್ ಅಂದ್ರೆ ದೂರ, ಬೇರೇನೂ ಅಲ್ಲ. ನೀವು ಎಲ್ಲೆಲ್ಲಿ ನಿಲ್ಲಬಹುದೋ ಅದೆಲ್ಲ ಸೇರಿದ್ರೆ ಬಿಂದುಪಥ." ಹೀಗೆ ಹೇಳಿ ನೆರಳು ಹುಡುಕಿಕೊಂಡು ಅವರು ನಿಲ್ಲುವರು, ಬಿಸಿಲಲ್ಲಿ ನಿಲ್ಲುವ ಭಾಗ್ಯ ಮಕ್ಕಳದು. ಓದಿದ್ದಕ್ಕಿಂತ ನಡೆದದ್ದೇ ಹೆಚ್ಚು ಎಂದು ಅವು ಗೊಣಗುತ್ತಿದ್ದವು. ಆದರೆ ಆ ಪಾಠವನ್ನು ಯಾರೂ ಮರೆಯುತ್ತಿರಲಿಲ್ಲ.

ಅವರ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಗಂಡಸರ ವಾರ್ಡಿನ ಹೊಣೆ ಆಕೆಯದು. ಮಕ್ಕಳಿರಲಿಲ್ಲ. ಇಬ್ಬರೂ ದುಡಿದು ಬಂದು, ಒಬ್ಬರು ರೋಗಿಗಳ ಕಥೆ, ಇನ್ನೊಬ್ಬರು ಹುಡುಗರ ಕಥೆ ಹೇಳಿಕೊಂಡು ಉಣ್ಣುವ ಮನೆ ಅದು.

ಅವರ ನಿವೃತ್ತಿಗೆ ಇನ್ನೂ ಮೂರು ವರ್ಷವಿದ್ದಾಗ ಈ ಸಂಗತಿ ನಡೆಯಿತು. ಪ್ರತಿ ವರ್ಷದಂತೆ ಆ ವರ್ಷವೂ ನಮ್ಮನ್ನು ಉತ್ತರಪತ್ರಿಕೆ ತಿದ್ದಲು ಹಾಕಿದ್ದರು. ಒಂದು ಶಾಲೆಯ ದೊಡ್ಡ ಸಭಾಂಗಣ, ಗಣಿತದವರಿಗೂ ನಮ್ಮ ವಿಷಯದವರಿಗೂ ಅದೇ. ಉದ್ದುದ್ದ ಮೇಜುಗಳು, ಕಿರುಗುಡುವ ಫ್ಯಾನುಗಳು, ದಾರ ಕಟ್ಟಿದ ಪತ್ರಿಕೆಗಳ ಕಟ್ಟುಗಳು. ಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ಗುಪ್ತ ಸಂಖ್ಯೆ ಮಾತ್ರ. ಬೆಳಿಗ್ಗೆ ಮುಖ್ಯ ಪರೀಕ್ಷಕರು ಮಾದರಿ ಉತ್ತರದ ಹಾಳೆ ಹಂಚಿದರು. ಅದಕ್ಕೆ ನಾವು ಕೀ ಎನ್ನುತ್ತಿದ್ದೆವು. ಯಾವ ಹಂತಕ್ಕೆ ಎಷ್ಟು ಅಂಕ ಎಂದು ಅದರಲ್ಲಿ ಇದ್ದಂತೆ ಕೊಡಬೇಕು, ಹೆಚ್ಚಿಲ್ಲ ಕಡಿಮೆಯಿಲ್ಲ.

ಗಣಿತದಲ್ಲಿ ಐದು ಅಂಕದ ಒಂದು ಪ್ರಶ್ನೆ ಹೀಗಿತ್ತು: |z − 3| − |z + 3| = 4 ಆದರೆ z ನ ಬಿಂದುಪಥ ಕಂಡುಹಿಡಿದು ಚಿತ್ರ ಬರೆಯಿರಿ. ಕೀಯಲ್ಲಿ ಉತ್ತರ ಪೂರ್ತಿ ಅತಿಪರವಲಯ ಎಂದಿತ್ತು. ಅಂದರೆ ಎಡಕ್ಕೊಂದು ಬಲಕ್ಕೊಂದು ಬೆನ್ನು ಮಾಡಿ ನಿಂತ ಎರಡು ಬಾಗಿದ ಗೆರೆಗಳು. ಎರಡೂ ಗೆರೆ ಇದ್ದರೆ ಚಿತ್ರಕ್ಕೆ ಎರಡು ಅಂಕ, ಕೊನೆಯ ಉತ್ತರಕ್ಕೆ ಒಂದು.

ಬಿಂದು ಮೇಷ್ಟ್ರು ಅದನ್ನು ಓದಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. ನಂತರ ನನಗೆ ಅವರು ಬಿಡಿಸಿ ಹೇಳಿದ್ದು ಇಷ್ಟು. ಒಂದು ಬಿಂದು ಬಲಗಡೆ ಮೂರರಲ್ಲಿದೆ, ಇನ್ನೊಂದು ಎಡಗಡೆ ಮೈನಸ್ ಮೂರರಲ್ಲಿದೆ. ಬಲಬಿಂದುವಿನಿಂದ ಇರುವ ದೂರದಲ್ಲಿ ಎಡಬಿಂದುವಿನಿಂದ ಇರುವ ದೂರ ಕಳೆದರೆ ನಾಲ್ಕು ಉಳಿಯಬೇಕು. ಹಾಗಾದರೆ ನಾವು ಎಡಬಿಂದುವಿಗೇ ಹತ್ತಿರ ಇರಬೇಕಲ್ಲವೇ? ಮೈನಸ್ ಎರಡರಲ್ಲಿ ನಿಂತು ನೋಡಿ: ಐದರಲ್ಲಿ ಒಂದು ಹೋದರೆ ನಾಲ್ಕು, ಸರಿ. ಪ್ಲಸ್ ಎರಡರಲ್ಲಿ ನಿಂತು ನೋಡಿ: ಒಂದರಲ್ಲಿ ಐದು ಹೋದರೆ ಮೈನಸ್ ನಾಲ್ಕು. ಬಲಗಡೆಯ ಗೆರೆಯ ಮೇಲೆ ಎಲ್ಲಿ ನಿಂತರೂ ಮೈನಸ್ ನಾಲ್ಕೇ. ಲೆಕ್ಕ ಬಿಡಿಸುವಾಗ ಎರಡೂ ಕಡೆ ವರ್ಗ ಮಾಡುತ್ತೇವೆ, ಆಗ ಮೈನಸ್ಸು ಅಳಿಸಿಹೋಗುತ್ತದೆ, ಸೇರಬಾರದ ಗೆರೆ ಬಂದು ಸೇರಿಕೊಳ್ಳುತ್ತದೆ. ಸರಿಯಾದ ಉತ್ತರ ಎಡಗಡೆಯ ಗೆರೆ ಒಂದೇ.

ಎದ್ದು ಹೋಗಿ ಮುಖ್ಯ ಪರೀಕ್ಷಕರಿಗೆ ತೋರಿಸಿದರು. ಆತ ಬೇರೆ ಯಾರೋ ಅಲ್ಲ, ಓದುವಾಗ ಇವರ ಜೊತೆ ಒಂದೇ ಬೆಂಚಿನಲ್ಲಿ ಕೂತವರು, ಏಕವಚನದ ಸಲಿಗೆ. ಹಾಳೆ ನೋಡಿದ ಕೂಡಲೇ ಆತನಿಗೂ ತಪ್ಪು ಹೊಳೆಯಿತು.

"ನೀನು ಹೇಳೋದು ಸರಿ ಮಾರಾಯ. ಆದ್ರೆ ಬೇರೆ ಮೂರು ಕೇಂದ್ರದಲ್ಲಿ ಇದೇ ಕೀ ಹಿಡ್ಕೊಂಡು ನಿನ್ನೆಯಿಂದ ತಿದ್ದುತ್ತಿದ್ದಾರೆ. ಈಗ ಬದಲಾಯಿಸಿದ್ರೆ ಎಲ್ಲ ಕಟ್ಟು ಬಿಚ್ಚಬೇಕು. ಗೈಡುಗಳಲ್ಲೆಲ್ಲ ಎರಡೂ ಗೆರೆನೇ ಇದೆ, ಮಕ್ಕಳೂ ಹಾಗೇ ಬರೆದಿರ್ತಾರೆ. ಒಂದೇ ಗೆರೆ ಬರೆಯೋ ಪುಣ್ಯಾತ್ಮ ಎಷ್ಟು ಜನ ಸಿಕ್ತಾನೆ ಹೇಳು?"

ಮೇಷ್ಟ್ರು ಏನೋ ಹೇಳಲು ಹೋದರು. ಸುತ್ತಲಿನ ಮೇಜುಗಳಲ್ಲಿ ಕೆಲವರು ತಲೆ ಎತ್ತಿ ನೋಡುತ್ತಿದ್ದರು; ಕೆಲಸ ತಡವಾದರೆ ಊರಿನ ಬಸ್ಸು ತಪ್ಪುತ್ತದೆ ಎಂಬ ಚಿಂತೆ ಅವರದು. ಇವರು ಬಂದು ತಮ್ಮ ಜಾಗದಲ್ಲಿ ಕೂತರು.

ಸ್ನೇಹಿತ ಹೇಳಿದಂತೆಯೇ ಆಯಿತು. ಪತ್ರಿಕೆ ಮೇಲೆ ಪತ್ರಿಕೆ, ಎಲ್ಲರದೂ ಎರಡು ಗೆರೆ. ಇವರು ಐದಕ್ಕೆ ಐದು ಹಾಕುತ್ತ ಹೋದರು. ಮೂರನೆಯ ದಿನ ಬೆಳಿಗ್ಗೆ ಒಂದು ಪತ್ರಿಕೆ ಬಂತು. ಅಕ್ಷರ ಸಣ್ಣ, ಅಳುಕಿಲ್ಲದ ಕೈ. ಎಡಗಡೆ ಗಟ್ಟಿಯಾಗಿ ಎಳೆದ ಒಂದು ಗೆರೆ, ಬಲಗಡೆ ಬರೀ ಚುಕ್ಕೆ ಚುಕ್ಕೆಯ ಗೆರೆ. ಅದರ ಕೆಳಗೆ ಹೀಗೆ ಬರೆದಿತ್ತು: ಈ ಭಾಗದಲ್ಲಿ ವ್ಯತ್ಯಾಸ −4 ಬರುತ್ತದೆ, ಆದ್ದರಿಂದ ಇದು ಸೇರುವುದಿಲ್ಲ.

ಮೇಷ್ಟ್ರು ಆ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ನನಗೂ ತೋರಿಸಿ, ನೋಡಿ, ನೂರಕ್ಕೊಬ್ಬರು ಸಿಕ್ಕೇಬಿಟ್ಟರು ಎಂದರು. ನಾನೇನು ಹೇಳಿದೆ ಎಂದರೆ, ಕೀ ಹೇಗಿದೆಯೋ ಹಾಗೆ ಹಾಕಿ, ನಮಗ್ಯಾಕೆ ಇಲ್ಲದ ತಲೆನೋವು ಎಂದೆ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ನನಗೆ ನಾಚಿಕೆ. ಊಟವಾದ ಮೇಲೆ ಅವರು ಐದಕ್ಕೆ ಎರಡು ಹಾಕಿದರು, ಅಂಚಿನಲ್ಲಿ ಕೆಂಪು ಪೆನ್ನಿನಿಂದ ‘ಅಪೂರ್ಣ’ ಎಂದು ಬರೆದರು, ಸಹಿ ಮಾಡಿ ಕಟ್ಟಿಗೆ ಸೇರಿಸಿದರು.

ಫಲಿತಾಂಶ ಬಂದ ಮೂರನೆಯ ವಾರ ಅವರ ಮನೆಗೆ ಒಬ್ಬ ಲಿಫ್ಟ್ ಮೆಕ್ಯಾನಿಕ್ ಬಂದ. ಆಸ್ಪತ್ರೆಯ ಲಿಫ್ಟ್ ನೋಡಿಕೊಳ್ಳುವವನು, ಮೇಷ್ಟ್ರ ಹೆಂಡತಿಗೆ ಹತ್ತು ವರ್ಷದ ಪರಿಚಯ. ಆಕೆಯೇ ಕಳಿಸಿದ್ದು. ಜೊತೆಗೆ ಅವನ ಹಿರಿಯ ಮಗಳು. ಹುಡುಗಿಗೆ ಎಲ್ಲ ವಿಷಯದಲ್ಲೂ ಒಳ್ಳೆಯ ಅಂಕ. ಆದರೆ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಪದವಿಗೆ ಹಾಸ್ಟೆಲ್ಲಿನ ಜೊತೆ ಸಿಗುವ ಸೀಟು ಎರಡೇ ಎರಡು ಅಂಕದಲ್ಲಿ ಕೈತಪ್ಪುವಂತಿತ್ತು. ಉತ್ತರಪತ್ರಿಕೆಯ ನಕಲು ತರಿಸಿದ್ದರು. ಗೊತ್ತಿರುವವರು ಒಮ್ಮೆ ನೋಡಲಿ ಎಂದು ಬಂದಿದ್ದರು.

ಮೇಷ್ಟ್ರು ಪುಟ ತಿರುಗಿಸುತ್ತ ಹೋದರು. ಸಣ್ಣ ಅಕ್ಷರ, ಎಡಗಡೆ ಒಂದು ಗೆರೆ, ಬಲಗಡೆ ಚುಕ್ಕೆಗಳು. ಪರೀಕ್ಷಕರ ಸಹಿಯ ಮೇಲೆ ಕಪ್ಪು ಬಳಿದಿದ್ದರು. ಅಂಚಿನ ‘ಅಪೂರ್ಣ’ ಹಾಗೇ ಇತ್ತು. ತಮ್ಮದೇ ಅಕ್ಷರ.

"ಸರ್, ನಾನು ಬರೆದಿದ್ದು ತಪ್ಪಾ?" ಎಂದು ಹುಡುಗಿ ಕೇಳಿದಳು.

"ತಪ್ಪಿಲ್ಲ."

"ಮತ್ತೆ ಅಪೂರ್ಣ ಅಂತ ಯಾಕೆ ಹಾಕಿದ್ದಾರೆ?"

"ಕೀಯಲ್ಲಿ ಹಾಗಿತ್ತೇನೋ ಮಗಳೇ. ಮರುಮೌಲ್ಯಮಾಪನಕ್ಕೆ ಹಾಕಿ. ಕೊಡ್ತಾರೆ."

ಅಪ್ಪ ಕೈಮುಗಿದು ಎದ್ದ. ನಿಮ್ಮ ಬಾಯಿಂದ ಬಂತಲ್ಲ, ಇನ್ನು ಚಿಂತೆಯಿಲ್ಲ ಎಂದ. ಹುಡುಗಿ ನಕಲನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು, ಚೀಲವನ್ನು ಎದೆಗವಚಿಕೊಂಡು ಹೋದಳು.

ಮರುಮೌಲ್ಯಮಾಪನ ಆಯಿತು. ತಿದ್ದಿದವರು ಬೇರೆ, ಆದರೆ ಕೀ ಅದೇ. ‘ಬದಲಾವಣೆ ಇಲ್ಲ’ ಎಂಬ ಒಂದು ಸಾಲಿನ ಉತ್ತರ ಬಂತು. ಸೀಟಿನ ಪಟ್ಟಿ ಅಂಟಿಸಿದ ದಿನ ಅವಳ ಹೆಸರು ಬರುವ ಮೊದಲೇ ಪಟ್ಟಿ ನಿಂತಿತ್ತು.

ಆವತ್ತು ಸಂಜೆ ಮೇಷ್ಟ್ರು ಹೆಂಡತಿಗೆ ಎಲ್ಲ ಹೇಳಿದರು. ಆಕೆ ಡ್ಯೂಟಿಯಿಂದ ಬಂದು ಬಟ್ಟೆ ಕೂಡ ಬದಲಾಯಿಸಿರಲಿಲ್ಲ. ಪೂರ್ತಿ ಕೇಳಿಕೊಂಡು ಹೇಳಿದರು: "ರೀ, ಡಾಕ್ಟರು ತಪ್ಪು ಡೋಸ್ ಬರೆದ್ರೆ ನಾವು ಕೊಡೋದಿಲ್ಲ. ಬೈದ್ರೂ ಕೊಡೋದಿಲ್ಲ. ನೀವು ಕೊಟ್ಬಿಟ್ರಲ್ಲ."

ಈ ಮಾತಿಗಿಂತ ಆಕೆ ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರು ನನ್ನೊಡನೆ ಎಷ್ಟೋ ಸಲ ಹೇಳಿದ್ದಾರೆ.

ಮರುದಿನ ಸ್ನೇಹಿತನ ಮನೆಗೆ ಹೋದರು. ಇಬ್ಬರೂ ಸೇರಿ ಕೀ ತಪ್ಪೆಂದು ಬರೆದುಕೊಡೋಣ ಎಂದು ಕೇಳಿಕೊಂಡರು. ಆತ ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ, ನಿನ್ನ ಸಹಿ ಮಾತ್ರ ಅಲ್ಲ ನನ್ನದೂ ಅದರಲ್ಲಿದೆ, ನನ್ನ ಪಾಡಿಗೆ ನನ್ನನ್ನು ಬಿಡು ಎಂದ. ಮೇಷ್ಟ್ರು ಒಬ್ಬರೇ ಪರೀಕ್ಷಾ ಮಂಡಳಿಗೆ ಪತ್ರ ಬರೆದರು. ಲೆಕ್ಕವನ್ನು ಹಂತಹಂತವಾಗಿ ಬಿಡಿಸಿ, ಈ ಪತ್ರಿಕೆ ತಿದ್ದಿದವನು ನಾನೇ, ಕೀ ತಪ್ಪೆಂದು ತಿಳಿದೂ ಅಂಕ ಕಳೆದಿದ್ದೇನೆ ಎಂದು ಸೇರಿಸಿದರು. ನನ್ನ ಸಹಿಯನ್ನೂ ಕೇಳಿದರು. ಗಣಿತ ನನ್ನ ವಿಷಯವಲ್ಲ ಎಂದು ನುಣುಚಿಕೊಂಡೆ.

ಪತ್ರವನ್ನು ಅಂಚೆಗೆ ಹಾಕಿದ ಮೇಲೆ ಲಿಫ್ಟ್ ಮೆಕ್ಯಾನಿಕ್‌ನ ಮನೆಗೆ ಹೋದರು. ಎರಡು ಕೋಣೆಯ ಮನೆ. ಗೋಡೆಗೆ ಒರಗಿಸಿದ ಕಬ್ಬಿಣದ ಪೆಟ್ಟಿಗೆಯ ಮೇಲೆ ಹುಡುಗಿಯ ಪುಸ್ತಕಗಳು, ಕಿಟಕಿಯ ಕೆಳಗೆ ಅವಳ ತಂಗಿ ಬರೆಯುತ್ತ ಕೂತಿದ್ದಳು. ಮೇಷ್ಟ್ರು ಕುರ್ಚಿಯಲ್ಲಿ ಕೂರದೆ ನಿಂತುಕೊಂಡೇ ವಿಷಯ ಹೇಳಿದರು. ಅಪ್ಪ ಅರ್ಥವಾಗದವನಂತೆ ಮುಖ ನೋಡಿದ. ಅರ್ಥವಾದ ಮೇಲೆ ನೆಲ ನೋಡಿದ.

"ಆವತ್ತು ಮನೆಗೆ ಬಂದಾಗ ನಿಮಗೆ ಗೊತ್ತಾಗಿತ್ತಾ ಮೇಷ್ಟ್ರೇ?"

"ಗೊತ್ತಾಗಿತ್ತು."

"ಆವತ್ತೇ ಹೇಳಿದ್ರೆ ಪಟ್ಟಿ ಬರೋಕೆ ಇನ್ನೂ ಐದು ವಾರ ಇತ್ತು."

ಹುಡುಗಿ ಎದ್ದು ಒಳಕೋಣೆಗೆ ಹೋದಳು. ಅವಳಮ್ಮ ಬಾಗಿಲಲ್ಲಿ ನಿಂತು, ಹೊರಡಿ ಎಂದು ಬಾಯಿಬಿಟ್ಟು ಹೇಳದೆ, ಅವರ ಚಪ್ಪಲಿಯ ಕಡೆ ನೋಡಿದಳು.

ಮಂಡಳಿಯವರು ನಾಲ್ಕು ತಿಂಗಳ ಮೇಲೆ ವಿಚಾರಣೆಗೆ ಕರೆದರು. ಮೂವರು ಅಧಿಕಾರಿಗಳು, ಹಸಿರು ಬಟ್ಟೆ ಹೊದಿಸಿದ ಮೇಜು. ಮೇಷ್ಟ್ರು ಬೋರ್ಡು ಕೇಳಿದರು, ಇರಲಿಲ್ಲ. ಆಗ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಬಲಬಿಂದು ಮಾಡಿ, ತಮ್ಮ ಪೆನ್ನಿನ ಮುಚ್ಚಳವನ್ನು ಎಡಬಿಂದು ಮಾಡಿ, ಒಂದು ಗುಂಡುಪಿನ್ನನ್ನು ಸರಿಸುತ್ತ ಎಲ್ಲೆಲ್ಲಿ ದೂರದ ವ್ಯತ್ಯಾಸ ನಾಲ್ಕಾಗುತ್ತದೆ ಎಂದು ತೋರಿಸತೊಡಗಿದರು. ಅರ್ಧಕ್ಕೆ ಬಂದಾಗ ನಡುವೆ ಕೂತಿದ್ದವರು ಕೆಮ್ಮಿ, ಲೋಟ ಎತ್ತಿ ನೀರು ಕುಡಿದು, ಅದನ್ನು ತಮ್ಮ ಪಕ್ಕಕ್ಕೆ ಇಟ್ಟುಕೊಂಡರು. ಆಮೇಲೆ ಕೇಳಿದ ಪ್ರಶ್ನೆಗಳಲ್ಲಿ ಒಂದೂ ಗಣಿತದ್ದಲ್ಲ. ಗುಪ್ತ ಸಂಖ್ಯೆಯ ಪತ್ರಿಕೆ ಯಾರದೆಂದು ನಿಮಗೆ ಹೇಗೆ ಗೊತ್ತಾಯಿತು? ವಿದ್ಯಾರ್ಥಿಯ ಮನೆಗೆ ಯಾಕೆ ಹೋದಿರಿ? ತಪ್ಪು ಎಂದು ಗೊತ್ತಿದ್ದರೆ ಸಹಿ ಯಾಕೆ ಹಾಕಿದಿರಿ?

"ಮೂರನೇ ಪ್ರಶ್ನೆ ಸರಿಯಾಗಿತ್ತು" ಎಂದು ಮೇಷ್ಟ್ರು ಬಂದು ಹೇಳಿದರು.

ಗೌಪ್ಯತೆ ಮುರಿದರೆಂದು ಅವರನ್ನು ಮೌಲ್ಯಮಾಪನದಿಂದ ಶಾಶ್ವತವಾಗಿ ತೆಗೆದುಹಾಕಿದರು. ಕಾಲೇಜಿಗೂ ಒಂದು ಎಚ್ಚರಿಕೆ ಪತ್ರ ಬಂತು. ಅಧ್ಯಾಪಕರ ಕೋಣೆಯಲ್ಲಿ ಅವರು ಒಳಗೆ ಬಂದರೆ ಮಾತು ತಗ್ಗುತ್ತಿತ್ತು. ಎಲ್ಲರೂ ಅದೇ ಸಭಾಂಗಣದಲ್ಲಿ ಕೂತು ತಿದ್ದಿದವರೇ. ಒಬ್ಬ ಒಪ್ಪಿಕೊಂಡರೆ ಉಳಿದವರ ಗತಿ ಏನು? ಸಂಜೆ ಬಸ್ ನಿಲ್ದಾಣದವರೆಗೆ ಅವರ ಜೊತೆ ನಡೆಯುತ್ತಿದ್ದವನು ನಾನೊಬ್ಬನೇ. ಅದೇನು ದೊಡ್ಡ ಗುಣವಲ್ಲ. ಸಹಿ ಹಾಕದವನಿಗೆ ಅಷ್ಟಾದರೂ ಮಾಡಬೇಕೆನಿಸುತ್ತಿತ್ತು.

ಹುಡುಗಿಯ ಮನೆಯಲ್ಲಿ ಅವಳು ಮರುವರ್ಷ ಪ್ರಯತ್ನಿಸುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅಪ್ಪನಿಗೆ ಪೆಟ್ಟಾಯಿತು. ಒಂದು ಹಳೆಯ ಕಟ್ಟಡದ ಲಿಫ್ಟ್ ರಿಪೇರಿ ಮಾಡುವಾಗ ಮೇಲಿನ ರಾಟೆಯ ಹಗ್ಗಕ್ಕೆ ಬಲಗೈ ಸಿಕ್ಕಿ ಮೂರು ಬೆರಳು ಹೋದವು. ಗಾಯಕ್ಕೆ ಪಟ್ಟಿ ಕಟ್ಟಿದ್ದು ಮೇಷ್ಟ್ರ ಹೆಂಡತಿಯೇ. ಆಮೇಲೆ ಅವನಿಗೆ ಸ್ಪ್ಯಾನರ್ ಹಿಡಿಯಲಾಗಲಿಲ್ಲ. ಅದೇ ಆಸ್ಪತ್ರೆಯ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವ ಕೆಲಸ ಕೊಟ್ಟರು. ಮನೆ ನಡೆಯಬೇಕಲ್ಲ, ಹುಡುಗಿ ಔಷಧಿ ಕಾರ್ಖಾನೆ ಸೇರಿದಳು. ಬೆಳಕಿನ ಪೆಟ್ಟಿಗೆಯ ಮುಂದೆ ಕೂತು, ಸಾಲಾಗಿ ಹರಿದು ಬರುವ ಸೀಸೆಗಳಲ್ಲಿ ಕಸ, ಕೂದಲು, ಬಿರುಕು ಇದೆಯೇ ಎಂದು ನೋಡುವುದು. ಒಂದು ಸೀಸೆಗೆ ಎರಡು ಸೆಕೆಂಡು.

ಪತ್ರ ಬರೆದು ಹದಿನಾರು ತಿಂಗಳ ನಂತರ ಮಂಡಳಿಯ ಆದೇಶ ಬಂತು. ಆ ಪ್ರಶ್ನೆಯಲ್ಲಿ ‘ತಾಂತ್ರಿಕ ಅಸ್ಪಷ್ಟತೆ’ ಇದ್ದುದರಿಂದ ಅದನ್ನು ಬರೆಯಲು ಯತ್ನಿಸಿದ ಎಲ್ಲರಿಗೂ ಪೂರ್ಣ ಅಂಕ. ತಪ್ಪು ಬರೆದವರಿಗೂ ಐದು, ಸರಿ ಬರೆದವಳಿಗೂ ಐದು, z ಎಂದಷ್ಟೇ ಬರೆದು ಬಿಟ್ಟವರಿಗೂ ಐದು. ಹುಡುಗಿಗೆ ಮೂರು ಅಂಕ ಹೆಚ್ಚಿ ಹೊಸ ಅಂಕಪಟ್ಟಿ ಅಂಚೆಯಲ್ಲಿ ಹೋಯಿತು. ಹಿಂದಿನ ವರ್ಷದ ಸೀಟಿಗೆ ಈಗ ಅವಕಾಶವಿಲ್ಲ ಎಂಬ ಸಾಲು ಅದೇ ಆದೇಶದ ಕೊನೆಯಲ್ಲಿತ್ತು.

ಮೇಷ್ಟ್ರು ಒಂದು ಮಧ್ಯಾಹ್ನ ಕಾರ್ಖಾನೆಯ ಗೇಟಿನ ಹತ್ತಿರ ಹೋಗಿ ನಿಂತರು. ಪಾಳಿ ಬಿಟ್ಟು ಹೆಂಗಸರು ಗುಂಪುಗುಂಪಾಗಿ ಬಂದರು. ಅವಳು ಕೊನೆಗೆ ಬಂದಳು. ತೆಳ್ಳಗಾಗಿದ್ದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಇವರನ್ನು ಕಂಡು ನಿಂತಳು. ಇವರು ಮೊದಲೇ ಯೋಚಿಸಿಕೊಂಡು ಬಂದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು: ಕೆಲಸ ಮಾಡಿಕೊಂಡೇ ಅಂಚೆ ಮೂಲಕ ಪದವಿ ಓದಬಹುದು, ಅರ್ಜಿ ನಾನು ತರುತ್ತೇನೆ, ಪಾಠ ನಾನೇ ಹೇಳುತ್ತೇನೆ, ನಿನಗೆ ಬಿಡುವಿರುವ ಯಾವ ಹೊತ್ತಾದರೂ ಸರಿ.

"ಬೇಡ ಸರ್. ಸಂಜೆ ಆಗೋ ಹೊತ್ತಿಗೆ ಅಕ್ಷರ ಎಲ್ಲ ಎರಡೆರಡು ಕಾಣುತ್ತೆ ನನಗೆ."

"ನನ್ನ ಮೇಲೆ ಸಿಟ್ಟಿದ್ರೆ ಬೈದುಬಿಡಮ್ಮ."

"ಸಿಟ್ಟಿತ್ತು. ಈಗಿಲ್ಲ. ಗೈಡಲ್ಲಿ ಎರಡೂ ಗೆರೆ ಇದೆ ಅಂತ ನನಗೆ ಗೊತ್ತಿತ್ತು ಸರ್. ಪರೀಕ್ಷೇಲಿ ಕೂತಾಗ್ಲೂ ಗೊತ್ತಿತ್ತು. ಅದನ್ನೇ ಬರೆಯೋಣ ಅಂತ ಅಂದ್ಕೊಂಡೆ. ಆಮೇಲೆ ಬಲಗಡೆ ಒಂದು ಬಿಂದು ಹಾಕಿ ನೋಡಿದ್ರೆ ಮೈನಸ್ ಬಂತು. ಗೊತ್ತಾದ ಮೇಲೆ ಹೇಗೆ ಬರೆಯೋದು? ಅಷ್ಟು ಖುಷಿಯಾಗಿತ್ತು ಆವತ್ತು. ಈಗ ಅದೊಂದೇ ಬೇಜಾರು. ಸುಮ್ಮನೆ ಎರಡೂ ಬರೆದು ಬಂದಿದ್ರೆ ಆಗ್ತಿತ್ತು."

ಬಸ್ಸು ಬಂತು. ಬರ್ತೀನಿ ಸರ್ ಎಂದು ಹತ್ತಿದಳು.

ಈ ಮಾತನ್ನು ನನಗೆ ಹೇಳುವಾಗ ಮೇಷ್ಟ್ರು ಅತ್ತರು. ಮೂವತ್ತೊಂದು ವರ್ಷ ಪಾಠ ಹೇಳಿದ್ದೆಲ್ಲ ಮಕ್ಕಳು ಒಮ್ಮೆ ಹಾಗೆ ಬಿಂದು ಹಾಕಿ ನೋಡಲಿ ಎಂದಲ್ಲವೇ, ಹಾಗೆ ನೋಡಿದ ಒಂದು ಮಗುವಿನ ಬಾಯಲ್ಲಿ ನೋಡಬಾರದಿತ್ತು ಎಂದು ನಾನೇ ಹೇಳಿಸಿದೆನಲ್ಲ ಎಂದರು.

ಉಳಿದ ಒಂದೂವರೆ ವರ್ಷ ಪಾಠ ಮಾಡಿದರು. ಬೀಳ್ಕೊಡುಗೆ ಸಭೆ ಬೇಡವೆಂದರು. ಒತ್ತಾಯ ಮಾಡಿದವರೂ ಇರಲಿಲ್ಲ. ಸ್ನೇಹಿತ ಆಮೇಲೆ ಎಲ್ಲೇ ಎದುರಾದರೂ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ನಿವೃತ್ತಿಯಾದ ಮೇಲೆ ಮೇಷ್ಟ್ರು ಅಂಗಡಿಯಲ್ಲಿ ಸಿಗುವ ಗಣಿತದ ಗೈಡುಗಳನ್ನೆಲ್ಲ ತಂದು, ಒಂದೊಂದರಲ್ಲೂ ಆ ಬಗೆಯ ಲೆಕ್ಕ ಹುಡುಕಿ, ಪ್ರಕಾಶಕರಿಗೆ ಕಾಗದ ಬರೆಯಲು ಶುರುಮಾಡಿದರು. ಹೆಂಡತಿ ಲಕೋಟೆಗೆ ವಿಳಾಸ ಬರೆದುಕೊಡುತ್ತಿದ್ದರು. ಒಂಬತ್ತು ಜನರಿಗೆ ಬರೆದದ್ದರಲ್ಲಿ ಒಬ್ಬರಿಂದ ಉತ್ತರ ಬಂತು. ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದ ಎಂದು ಬರೆದು, ಗೌರವ ಪ್ರತಿಯೆಂದು ಹೊಸ ಮುದ್ರಣದ ಗೈಡೊಂದನ್ನು ಕಳಿಸಿದ್ದರು. ಮೇಷ್ಟ್ರು ಆತುರದಿಂದ ಪುಟ ತೆಗೆದು ನೋಡಿದರು. ಗೆರೆ ಎರಡೂ ಹಾಗೇ ಇದ್ದವು. ಕಾಗದ ಮಾತ್ರ ಮೊದಲಿಗಿಂತ ಬೆಳ್ಳಗಿತ್ತು.

ಮೂರು ವರ್ಷದ ಹಿಂದೆ ಅವರು ತೀರಿಕೊಂಡರು, ಹೃದಯದ ತೊಂದರೆಯಿಂದ, ಹೆಂಡತಿ ಕೆಲಸ ಮಾಡಿದ ಆಸ್ಪತ್ರೆಯಲ್ಲೇ. ಕೊನೆಯ ಸಲ ಅವರನ್ನು ವಾರ್ಡಿಗೆ ಒಯ್ಯುವಾಗ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದವನು ಎದ್ದು ನಿಂತು, ಎಡಗೈಯಿಂದ ಗುಂಡಿ ಒತ್ತಿ, ಸ್ಟ್ರೆಚರ್ ಹೊರಗೆ ದಾಟುವವರೆಗೆ ಬಾಗಿಲು ಹಿಡಿದುಕೊಂಡಿದ್ದ. ಅವನ ಮಗಳು ಈಗಲೂ ಅದೇ ಕಾರ್ಖಾನೆಯಲ್ಲಿದ್ದಾಳೆ. ಕಣ್ಣಿಗೆ ದಪ್ಪ ಕನ್ನಡಕ ಬಂದಿದೆ, ಅವಳ ಕೈಕೆಳಗೆ ಹನ್ನೆರಡು ಜನ ಸೀಸೆ ನೋಡುತ್ತಾರೆ ಎಂದು ಕೇಳಿದ್ದೇನೆ.